ಮಧ್ಯಾಹ್ನದ ನಿದ್ದೆಯ ಲೆಕ್ಕ

"ಮಲಗೋಕೆ ಇಷ್ಟು ದುಡ್ಡಾ?"

ಅಮ್ಮ ಕೇಳಿದ್ದು ಇಷ್ಟೇ. ನಮ್ಮನೆಯವರು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿ ತಮ್ಮ ಎಕ್ಸೆಲ್ ಪಟ್ಟಿ ತೋರಿಸುತ್ತಿದ್ದರು. ಫ್ಲೋರಿಡಾದ ಡಿಸ್ನಿ ವರ್ಲ್ಡ್ ಅನ್ನುವ ಆಟದ ಪಾರ್ಕುಗಳಿಗೆ ಹೋಗುವುದು ಅಂತ ತೀರ್ಮಾನವಾಗಿತ್ತು. ಎಲ್ಲಿ ಉಳಿಯುವುದು ಅನ್ನುವುದು ಮಾತ್ರ ಒಂದು ವಾರದಿಂದ ಬಗೆಹರಿದಿರಲಿಲ್ಲ. ಪಟ್ಟಿಯ ಒಂದು ಸಾಲಿನಲ್ಲಿ ರಾತ್ರಿಗೆ 650 ಡಾಲರ್ ಅಂತಿತ್ತು. ಅಟ್ಲಾಂಟಾದ ನಮ್ಮ ಮನೆಗೆ ಬಂದ ದಿನದಿಂದ ಅಮ್ಮ ಕೊತ್ತಂಬರಿ ಕಟ್ಟಿನಿಂದ ಹಿಡಿದು ಎಲ್ಲವನ್ನೂ 85ರಿಂದ ಗುಣಿಸುತ್ತಿದ್ದಳು. ಇದನ್ನು ಗುಣಿಸೋಕೂ ಅವಳಿಗೆ ಹೊತ್ತು ಹಿಡಿಯಲಿಲ್ಲ.

"ಐವತ್ತೈದು ಸಾವಿರ ಕಣೇ! ಒಂದು ರಾತ್ರಿಗೆ! ಮೈಸೂರಲ್ಲಿ ಅಷ್ಟರಲ್ಲಿ ಒಂದು ನಾಮಕರಣ ಮುಗಿಸಬಹುದು."

ನಾನು ನಕ್ಕೆ. ಆದರೆ ಅವಳ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಅಲ್ಲಿಗೆ ಮೂರು ಸಲ ಹೋಗಿ ಬಂದಿದ್ದೆವು. ಒಂದು ಸಲ ಡಿಸ್ನಿಯ ಜಾಗದೊಳಗಿನ ಅಗ್ಗದ ಹೋಟೆಲು, ಒಂದು ಸಲ ಹೊರಗೆ ಬಾಡಿಗೆ ಮನೆ, ಒಂದು ಸಲ ಹೊರಗಿನ ಹೋಟೆಲು. ಮೂರೂ ಸಲ ವಾಪಸ್ ಬಂದು "ಮುಂದಿನ ಸಲ ಹೀಗೆ ಮಾಡಬಾರದು" ಅಂದುಕೊಂಡವರೇ.

ಮೊದಲ ಸಲ ಹೋಗಿದ್ದು 2014ರಲ್ಲಿ. ಆಗ ನಾವು ನ್ಯೂಜೆರ್ಸಿಯಲ್ಲಿದ್ದೆವು. ಮಗಳಿಗೆ ಎರಡೂವರೆ ವರ್ಷ. ಮೂರು ತುಂಬದ ಮಕ್ಕಳಿಗೆ ಪಾರ್ಕಿನ ಟಿಕೆಟ್ ಇಲ್ಲ, ಹಾಗಾಗಿ ಮೂರು ತುಂಬುವ ಮೊದಲೇ ಹೋಗಿಬಿಡೋಣ ಅಂತ ಅವಸರ. ಉಳಿದದ್ದು ಆಲ್ ಸ್ಟಾರ್ ಸ್ಪೋರ್ಟ್ಸ್ ಅನ್ನುವ ಹೋಟೆಲಿನಲ್ಲಿ. ಡಿಸ್ನಿಯ ಹೋಟೆಲುಗಳಲ್ಲೇ ಅಗ್ಗದ್ದು, ರಾತ್ರಿಗೆ ನೂರು ಡಾಲರಿನ ಆಸುಪಾಸು. ಸಾದಾ ಕೋಣೆ. ಬಾಗಿಲು ತೆರೆದರೆ ನೇರ ಹೊರಗಿನ ಪಡಸಾಲೆ.

ಕೋಣೆ ಹೇಗಿತ್ತು ಅನ್ನುವುದು ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮನೆಗೆ ಅಂಚೆಯಲ್ಲಿ ಬಂದ ಹಳದಿ ಚೀಟಿಗಳು. ಅವನ್ನು ಸೂಟ್‌ಕೇಸಿಗೆ ಕಟ್ಟಿ ನೆವಾರ್ಕ್‌ನಲ್ಲಿ ವಿಮಾನಕ್ಕೆ ಹಾಕಿದರೆ ಮುಗಿಯಿತು. ಒರ್ಲ್ಯಾಂಡೊದಲ್ಲಿ ಬೆಲ್ಟಿನ ಮುಂದೆ ಕಾಯುವ ಹಾಗೇ ಇಲ್ಲ, ಪೆಟ್ಟಿಗೆ ತಾನಾಗಿ ಕೋಣೆಗೆ ಬರುತ್ತಿತ್ತು. ನಮಗೆ ಬೇರೆ ಬಸ್ಸು. ಮ್ಯಾಜಿಕಲ್ ಎಕ್ಸ್‌ಪ್ರೆಸ್ ಅಂತ ಹೆಸರು, ಪೂರ್ತಿ ಉಚಿತ. ಕೈಗೆ ಕಟ್ಟಿಕೊಳ್ಳುವ ಮ್ಯಾಜಿಕ್ ಬ್ಯಾಂಡ್ ಕೂಡ ಮೊದಲೇ ಬಂದಿತ್ತು, ಅದೂ ಉಚಿತ. ಕೋಣೆಯ ಬಾಗಿಲಿಗೆ, ಪಾರ್ಕಿನ ಗೇಟಿಗೆ, ಐಸ್‌ಕ್ರೀಮಿನ ಅಂಗಡಿಗೆ ಎಲ್ಲದಕ್ಕೂ ಅದೇ. ದೊಡ್ಡ ದೊಡ್ಡ ಆಟಗಳಿಗೆ ಉದ್ದದ ಸಾಲು ತಪ್ಪಿಸುವ ಫಾಸ್ಟ್‌ಪಾಸ್‌ಗೂ ದುಡ್ಡಿರಲಿಲ್ಲ. ಡಿಸ್ನಿಯ ಹೋಟೆಲಿನಲ್ಲಿ ಇರುವವರು ಅದನ್ನು 60 ದಿನ ಮೊದಲೇ ಕಾಯ್ದಿರಿಸಬಹುದಿತ್ತು, ಹೊರಗಿನವರು 30 ದಿನ ಮೊದಲು. ನಾಲ್ಕು ದಿನ ನಾವು ಕಾರಿನ ಸ್ಟಿಯರಿಂಗ್ ಮುಟ್ಟಲಿಲ್ಲ, ಪರ್ಸ್ ಕೂಡ ಜಾಸ್ತಿ ಮುಟ್ಟಲಿಲ್ಲ. (ಮುಟ್ಟದೇ ಇದ್ದದ್ದಕ್ಕೇ ಖರ್ಚು ಜಾಸ್ತಿ ಆಯಿತು ಅಂತ ಆಮೇಲೆ ಕ್ರೆಡಿಟ್ ಕಾರ್ಡಿನ ಬಿಲ್ ಬಂದಾಗ ಗೊತ್ತಾಯಿತು. ಆ ಬ್ಯಾಂಡ್ ಮಾಡಿದವನು ಬಲು ಜಾಣ.)

ಆಮೇಲೆ ಇವೆಲ್ಲ ಒಂದೊಂದಾಗಿ ಉದುರಿದವು. 2018ರ ಮಾರ್ಚ್‌ನಲ್ಲಿ ಹೋಟೆಲಿನಲ್ಲಿ ರಾತ್ರಿ ಕಾರು ನಿಲ್ಲಿಸುವುದಕ್ಕೆ ಶುಲ್ಕ ಬಂತು. 2020ರಲ್ಲಿ ಕೋವಿಡ್‌ಗೆ ಪಾರ್ಕು ಮುಚ್ಚಿದಾಗ ನಿಂತ ಫಾಸ್ಟ್‌ಪಾಸ್ ಮತ್ತೆ ಬರಲೇ ಇಲ್ಲ. 2021ರ ಹೊಸ ವರ್ಷಕ್ಕೆ ಉಚಿತ ಬ್ಯಾಂಡ್ ಹೋಯಿತು. ಆ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಬಂತು. ಫಾಸ್ಟ್‌ಪಾಸ್ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೇ ಶುರುವಿನಲ್ಲಿ ತಲೆಗೆ ದಿನಕ್ಕೆ 15 ಡಾಲರ್. ಕೆಲವು ದಿನ ಪಾರ್ಕಿನಲ್ಲಿ ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಸಿಗುತ್ತಿದ್ದ ಹೆಚ್ಚುವರಿ ಗಂಟೆಗಳ ಬದಲು ದಿನಾ ಬೆಳಿಗ್ಗೆ ಅರ್ಧ ಗಂಟೆ ಮೊದಲು ಒಳಗೆ ಬಿಡುವ ಪದ್ಧತಿ ಬಂತು. 2022ರ ಶುರುವಿಗೆ ವಿಮಾನ ನಿಲ್ದಾಣದ ಬಸ್ಸೂ ನಿಂತಿತು. ಹದಿನಾರು ವರ್ಷ ಓಡಿದ ಬಸ್ಸು ಅದು.

ನಮ್ಮ ಕಡೆ ಹೋಟೆಲಿನಲ್ಲಿ ಫುಲ್ ಮೀಲ್ಸ್ ಅಂದರೆ ಎಲ್ಲ ಸೇರಿ ಅಂತ ಅರ್ಥ, ಅಲ್ವಾ? ಹಪ್ಪಳ, ಮಜ್ಜಿಗೆ, ಎರಡನೇ ಸಲದ ಅನ್ನ ಎಲ್ಲ ಅದರಲ್ಲೇ ಬಂತು. ಇಲ್ಲಿ ಬೋರ್ಡಿನ ಮೇಲೆ ಫುಲ್ ಮೀಲ್ಸ್ ಅಂತಲೇ ಇದೆ, ಬೆಲೆಯೂ ಏರಿದೆ. ಹಪ್ಪಳಕ್ಕೆ ಮಾತ್ರ ಬೇರೆ ಬಿಲ್. ನ್ಯಾಯವಾಗಿ ಹೇಳಬೇಕೆಂದರೆ ಒಂದೆರಡು ವಾಪಸ್ ಬಂದಿವೆ. ರಾತ್ರಿ ಪಾರ್ಕಿಂಗ್ ಶುಲ್ಕ 2023ರ ಜನವರಿಯಲ್ಲಿ ಹೋಯಿತು. 2025ರಲ್ಲಿ ಹೋಟೆಲಿಗೆ ಬಂದಿಳಿದ ದಿನ ವಾಟರ್ ಪಾರ್ಕ್ ಉಚಿತ ಅಂದರು. ಆದರೂ ಆಲ್ ಸ್ಟಾರ್‌ನ ನೂರು ಡಾಲರ್ ಕೋಣೆ ಈಗ ರಜೆಯ ದಿನಗಳಲ್ಲಿ ಇನ್ನೂರು ದಾಟುತ್ತದೆ. ಕೋಣೆ ಅದೇ, ಬಸ್ಸಿಲ್ಲ.

ಅಷ್ಟಕ್ಕೂ ಪಾರ್ಕಿನವರು ಹೋಟೆಲು ಯಾಕೆ ಕಟ್ಟಿದರು? ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪಾರ್ಕು ಕಟ್ಟುವಷ್ಟರಲ್ಲಿ ಕೈ ಖಾಲಿಯಾಗಿತ್ತು. ಹೋಟೆಲನ್ನು ಬೇರೆಯವರು ಕಟ್ಟಿಕೊಂಡರು. ಸುತ್ತಮುತ್ತ ಮೋಟೆಲುಗಳು ಎದ್ದು, ಪಾರ್ಕಿಗೆ ಬಂದ ಜನರ ದುಡ್ಡು ಅವಕ್ಕೆ ಹರಿಯಿತು. ಆ ಹೊಟ್ಟೆಯುರಿಗೋ ಏನೋ, ಫ್ಲೋರಿಡಾದಲ್ಲಿ ಜಾಗ ಕೊಳ್ಳುವಾಗ ಯಾರಿಗೂ ಸುಳಿವು ಸಿಗದ ಹಾಗೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸುಮಾರು 27,000 ಎಕರೆ ಕೊಂಡರು. ಎಕರೆ ಲೆಕ್ಕ ನಮಗೆ ಅರ್ಥವಾಗುತ್ತದೆ. ಎರಡೆಕರೆ ಗದ್ದೆಗೆ ಕೋರ್ಟು ಹತ್ತುವ ನಾಡಿನವರು ನಾವು. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆಯುವ ಹೊತ್ತಿಗೆ ವಾಲ್ಟ್ ತೀರಿಕೊಂಡು ಐದು ವರ್ಷ ಆಗುತ್ತ ಬಂದಿತ್ತು. ಆದರೆ ಪಾರ್ಕಿನ ಜೊತೆಗೇ ಅವರದೇ ಎರಡು ಹೋಟೆಲುಗಳೂ ತೆರೆದವು, ಕಂಟೆಂಪೊರರಿ ಮತ್ತು ಪಾಲಿನೇಷಿಯನ್.

ಅಷ್ಟು ಎಕರೆಯ ಪರಿಣಾಮ ಏನು ಅಂತ ಅಲ್ಲಿಗೆ ಹೋದಾಗಲೇ ತಿಳಿಯುವುದು. ಅನಹೈಮ್‌ನಲ್ಲಿ ರಸ್ತೆ ಆಚೆಯ ಮೋಟೆಲಿನಿಂದ ನಡೆದು ಗೇಟಿಗೆ ಹೋಗಬಹುದು. ಫ್ಲೋರಿಡಾದಲ್ಲಿ ಹಾಗಿಲ್ಲ, ಹೊರಗಿನ ಲೋಕ ಮೈಲಿಗಟ್ಟಲೆ ಆಚೆ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗಂತೂ ಸ್ವಂತ ಕಾರಿನಲ್ಲಿ ಬಂದರೂ, ಊಬರ್‌ನಲ್ಲಿ ಬಂದರೂ, ಹೊರಗಿನ ಹೋಟೆಲಿನ ವ್ಯಾನಿನಲ್ಲಿ ಬಂದರೂ ಪಾರ್ಕಿನ ಮುಂದಿರುವ ಕೆರೆಯ ಈಚೆ ದಡದಲ್ಲೇ ಇಳಿಯಬೇಕು. ಅಲ್ಲಿಂದ ದೋಣಿ ಇಲ್ಲವೇ ಮೋನೊರೈಲು ಹಿಡಿದು ಆಚೆ ದಡಕ್ಕೆ. ಡಿಸ್ನಿ ಹೋಟೆಲಿನ ಬಸ್ಸು ಮಾತ್ರ ನೇರ ಗೇಟಿನ ಹತ್ತಿರ ಬಿಡುತ್ತದೆ. ಪುಕ್ಕಟೆ ಬ್ಯಾಂಡು, ಹಳದಿ ಚೀಟಿ ಇವೆಲ್ಲ ಮೇಲಿನ ಅಲಂಕಾರ. ಅವರು ನಿಜವಾಗಿ ಮಾರುತ್ತಿದ್ದದ್ದು ದೂರವನ್ನು. ದೂರ ಮಾಡಿದವರೂ ಅವರೇ, ಕಡಿಮೆ ಮಾಡಿ ಮಾರುವವರೂ ಅವರೇ!

ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ತಲೆಯಾಡಿಸಿದಳು. "ತಿರುಪತಿ ಥರ ಅನ್ನು. ಕೆಳಗೆ ಲಾಡ್ಜ್‌ನಲ್ಲಿ ಇದ್ದರೆ ನಸುಕಿನಲ್ಲಿ ಬಸ್ಸು ಹತ್ತಬೇಕು. ಬೆಟ್ಟದ ಮೇಲೆ ರೂಮ್ ಸಿಕ್ಕಿದರೆ ಸ್ನಾನ ಮಾಡಿ ಸೀದಾ ಸಾಲಿಗೆ ನಿಲ್ಲಬಹುದು." ನಾನು ಹತ್ತು ನಿಮಿಷ ಹೇಳಿದ್ದನ್ನು ಅವಳು ಮೂರು ಮಾತಿನಲ್ಲಿ ಮುಗಿಸಿದ್ದಳು. ಜೀನಿ ಪ್ಲಸ್‌ನ ಈಗಿನ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್, ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಏಳು ದಿನ ಮೊದಲು, ಉಳಿದವರಿಗೆ ಮೂರು ದಿನ ಮೊದಲು ಸಿಗುತ್ತದೆ ಅಂತ ನಮ್ಮನೆಯವರು ಹೇಳಿದ್ದೇ ತಡ, "ಅದು ಮುನ್ನೂರು ರೂಪಾಯಿ ದರ್ಶನದ ಟಿಕೆಟ್ಟು" ಅಂದಳು. ಅಲ್ಲಿಗೆ ಪಾಠ ಮುಗಿಯಿತು.

ಹೊರಗೆ ಉಳಿದ ಎರಡು ಸಲದಲ್ಲಿ ಒಂದು ಚೆನ್ನಾಗಿತ್ತು. 2019ರಲ್ಲಿ ಮೂರು ಸಂಸಾರ ಸೇರಿ ಪಕ್ಕದ ಊರು ಕಿಸ್ಸಿಮ್ಮಿಯಲ್ಲಿ ಒಂದು ಮನೆ ಹಿಡಿದಿದ್ದೆವು. ಹಿತ್ತಿಲಲ್ಲಿ ಈಜುಕೊಳ, ದೊಡ್ಡ ಅಡುಗೆಮನೆ. ಬೆಳಿಗ್ಗೆ ಉಪ್ಪಿಟ್ಟು, ಡಬ್ಬಿಗೆ ಪುಳಿಯೋಗರೆ. ಡಿಸ್ನಿಯ ಪಾರ್ಕುಗಳಿಗೆ ಮನೆ ಊಟ ಒಯ್ಯಬಹುದು, ಗಾಜಿನ ಪಾತ್ರೆ ಇರಬಾರದು ಅಷ್ಟೇ. ಸಿಂಡರೆಲಾ ಕೋಟೆಯ ಎದುರು ಹುಲ್ಲಿನ ಮೇಲೆ ಕೂತು ಹತ್ತು ಜನ ಪುಳಿಯೋಗರೆ ತಿಂದೆವು. ತಲೆಗೆ ಬಿದ್ದ ಬಾಡಿಗೆ ನಗು ಬರುವಷ್ಟು ಕಡಿಮೆ. ಆದರೆ ಪಾರ್ಕಿಗಿಂತ ಮನೆಯಲ್ಲಿ ಹರಟೆ ಹೊಡೆದದ್ದೇ ಜಾಸ್ತಿ. ಹಾಗಾಗಿ ಅದನ್ನು ಡಿಸ್ನಿ ಪ್ರವಾಸ ಅಂತ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಗೊತ್ತಿಲ್ಲ.

2022ರದ್ದು ಬೇರೆಯೇ ಕತೆ. ಹೊರಗಿನ ಒಂದು ಹೋಟೆಲು, ಹೆಸರು ಬೇಡ. "ಪಾರ್ಕಿಗೆ ಉಚಿತ ಶಟಲ್" ಅಂತ ದೊಡ್ಡದಾಗಿ ಹಾಕಿದ್ದರು. ಹೋದ ಮೇಲೆ ತಿಳಿಯಿತು, ಬೆಳಿಗ್ಗೆ ಎರಡು ವ್ಯಾನು, ರಾತ್ರಿ ಎರಡು ವ್ಯಾನು, ನಡುವೆ ಏನೂ ಇಲ್ಲ. ದಿನಕ್ಕೆ ಇಷ್ಟು ಅಂತ ರೆಸಾರ್ಟ್ ಶುಲ್ಕ ಬೇರೆ. ಕಾಯ್ದಿರಿಸುವಾಗ ಕೊನೆಯ ಪುಟದಲ್ಲಿ ಮಾತ್ರ ಕಾಣುವಂಥದ್ದು. (2025ರ ಮೇ ತಿಂಗಳಿನಿಂದ ಅಮೆರಿಕದಲ್ಲಿ ಇಂಥ ಶುಲ್ಕವನ್ನೆಲ್ಲ ಸೇರಿಸಿಯೇ ಮೊದಲ ಬೆಲೆ ತೋರಿಸಬೇಕು ಅಂತ ನಿಯಮ ಬಂದಿದೆ. ನಮಗೆ ಮೂರು ವರ್ಷ ತಡವಾಯಿತು.) ಮಗನಿಗೆ ಆಗ ನಾಲ್ಕು ವರ್ಷ. ಮಧ್ಯಾಹ್ನ ಒಂದೂವರೆಗೆ ಅಳು ಶುರು ಮಾಡಿದ. ಅದು ಹಸಿವಿನ ಅಳು ಅಲ್ಲ, ನಿದ್ದೆಯ ಅಳು. ಕೋಣೆಗೆ ಹೋಗೋಣವೆಂದರೆ ವ್ಯಾನು ರಾತ್ರಿ ಎಂಟಕ್ಕೆ. ಸಿಕ್ಕ ನೆರಳಿನಲ್ಲೆಲ್ಲ ಕೂತೆವು. ರಾತ್ರಿ ಪಟಾಕಿ ಮುಗಿಸಿ, ಕೆರೆ ದಾಟಿ, ವ್ಯಾನು ನಿಲ್ಲುವ ಜಾಗಕ್ಕೆ ಬಂದರೆ ಅದು ತುಂಬಿ ಹೊರಟಾಗಿತ್ತು. ಹೆಗಲ ಮೇಲೆ ಮಲಗಿದ ಮಗು, ಕೈಯಲ್ಲಿ ಕುಗ್ಗುತ್ತಿರುವ ಮಿಕ್ಕಿ ಬಲೂನು. ಊಬರ್‌ಗೆ ಎರಡರಷ್ಟು ಬೆಲೆ. ಆವತ್ತು ಉಳಿಸಿದ ದುಡ್ಡೆಲ್ಲ ಆ ಒಂದು ಮಧ್ಯಾಹ್ನಕ್ಕೆ ಕೊಟ್ಟು ಬಂದ ಹಾಗಾಯಿತು.

ನನ್ನ ಅಳತೆಗೋಲು ಹುಟ್ಟಿದ್ದು ಆವತ್ತೇ. ಯಾವ ಹೋಟೆಲಿನ ಹೆಸರು ಕೇಳಿದರೂ ನಾನು ಹಾಕುವ ಪ್ರಶ್ನೆ ಒಂದೇ. ಅಲ್ಲಿಂದ ಮಧ್ಯಾಹ್ನ ಬಂದು ಅಡ್ಡಾಗಿ ಮತ್ತೆ ಹೋಗಬಹುದಾ?

ಜೂನ್ ತಿಂಗಳ ಫ್ಲೋರಿಡಾ ನೋಡಿದವರಿಗೆ ಇದು ಸುಮ್ನೆ ಸೋಮಾರಿತನದ ಮಾತಲ್ಲ ಅಂತ ಗೊತ್ತು. ಬೆಳಿಗ್ಗೆ ಹತ್ತಕ್ಕೇ ಮಂಗಳೂರಿನ ಮೇ ತಿಂಗಳ ಸೆಖೆ. ಮೂರು ನಾಲ್ಕು ಗಂಟೆಗೆ ಗುಡುಗು, ಮಿಂಚು, ಬಾಲ್ದಿಯಲ್ಲಿ ಸುರಿದ ಹಾಗೆ ಮಳೆ. ಐದಕ್ಕೆ ಏನೂ ಆಗೇ ಇಲ್ಲ ಅನ್ನುವಂಥ ಆಕಾಶ. ದಿನದ ಒಳ್ಳೆಯ ಹೊತ್ತು ಅಂದರೆ ಬೆಳಗಿನ ಮೊದಲ ಮೂರು ಗಂಟೆಗಳು, ಸಂಜೆಯ ನಾಲ್ಕು ಗಂಟೆಗಳು. ನಡುವಿನದ್ದನ್ನು ಎಲ್ಲಿ ಕಳೆಯುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ. ಮಂಡಿನೋವಿನ ಅಮ್ಮ, ಏಳು ವರ್ಷದ ಮಗ ಜೊತೆಗಿದ್ದರಂತೂ ಕೇಳುವುದೇ ಬೇಡ.

ಕೊನೆಗೆ ದಾರಿ ತೋರಿಸಿದ್ದು ಕನ್ನಡ ಕೂಟದ ಪರಿಚಯದವರೊಬ್ಬರು. ಡಿಸ್ನಿ ವೆಕೇಷನ್ ಕ್ಲಬ್ ಅಂತ ಒಂದಿದೆ. 1991ರಿಂದ ನಡೆಯುತ್ತಿದೆ. ಒಂದಷ್ಟು ದುಡ್ಡು ಕಟ್ಟಿ ಸೇರಿದವರಿಗೆ ಪ್ರತಿ ವರ್ಷ ಇಷ್ಟು ಪಾಯಿಂಟು ಸಿಗುತ್ತದೆ, ಅದನ್ನು ರಾತ್ರಿಗಳಿಗೆ ಬದಲಾಯಿಸಿಕೊಳ್ಳಬಹುದು. ಬಳಸದಿದ್ದರೆ ಅವಧಿ ಮುಗಿದು ಹಾಳಾಗುತ್ತದೆ. ಅವರ ಪಾಯಿಂಟುಗಳು ಹಾಳಾಗುವುದರಲ್ಲಿದ್ದವು. ಆ ಕ್ಲಬ್ಬಿನ ಬೇ ಲೇಕ್ ಟವರ್‌ನಲ್ಲಿ ಒಂದು ಬೆಡ್‌ರೂಮಿನ ಮನೆ, ಎರಡು ರಾತ್ರಿ, ಹೋಟೆಲಿನ ದರದ ಅರ್ಧಕ್ಕಿಂತ ಚೂರು ಜಾಸ್ತಿಗೆ ಸಿಕ್ಕಿತು. ಕೋಣೆ ಬಾಡಿಗೆಯ ಮೇಲೆ ಬೀಳುವ ಶೇಕಡ 12.5ರ ತೆರಿಗೆಯೂ ಉಳಿಯಿತು. ಇನ್ನೆರಡು ರಾತ್ರಿ ಹೊರಗೆ, ಸಾದಾ ಹೋಟೆಲಿನಲ್ಲಿ, ನಮ್ಮ ಕಾರಿನ ಜೊತೆ. ಅಟ್ಲಾಂಟಾದಿಂದ ಏಳು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಅಮ್ಮನ ಕಾಲ ಬಳಿ ಮೂರು ಲೀಟರಿನ ಕುಕ್ಕರು.

ಬೇ ಲೇಕ್ ಟವರ್ 1971ರ ಆ ಕಂಟೆಂಪೊರರಿಯ ಪಕ್ಕದಲ್ಲೇ ಇದೆ, ನಡುವೆ ಸೇತುವೆ. ಕಂಟೆಂಪೊರರಿ ನೋಡುವುದಕ್ಕೆ ಇಂಗ್ಲಿಷಿನ 'ಎ' ಅಕ್ಷರದ ಹಾಗಿದೆ. ಉಕ್ಕಿನ ಚೌಕಟ್ಟು ನಿಲ್ಲಿಸಿ, ಬೇರೆ ಕಡೆ ಪೂರ್ತಿ ತಯಾರು ಮಾಡಿದ ಕೋಣೆಗಳನ್ನು ತಂದು ಮೇಜಿನ ಡ್ರಾಯರ್ ಹಾಗೆ ಒಳಗೆ ತಳ್ಳಿ ಕಟ್ಟಿದ್ದಂತೆ. ಆ ಕಟ್ಟಡದ ಹೊಟ್ಟೆಯೊಳಗಿಂದಲೇ ಮೋನೊರೈಲು ಹೋಗುತ್ತದೆ. ನಡುವೆ ತೊಂಬತ್ತು ಅಡಿ ಎತ್ತರದ ಟೈಲ್ಸಿನ ಚಿತ್ರ, ಮೇರಿ ಬ್ಲೇರ್ ಅನ್ನುವ ಕಲಾವಿದೆಯದ್ದು. ಅದರಲ್ಲಿ ಐದು ಕಾಲಿನ ಒಂದು ಆಡು ಇದೆ. ಮಗ ಅದನ್ನು ಹುಡುಕಿ, ಐದೇನಾ ಅಂತ ಮೂರು ಸಲ ಎಣಿಸಿದ. ಇನ್ನೊಂದು ವಿಷಯ. ವಾಟರ್‌ಗೇಟ್ ಹಗರಣದ ಗಲಾಟೆಯ ನಡುವೆ ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ "ನಾನು ಕಳ್ಳನಲ್ಲ" ಅಂತ ಹೇಳಿದ್ದು ಇದೇ ಹೋಟೆಲಿನಲ್ಲಿ, 1973ರ ನವೆಂಬರ್‌ನಲ್ಲಿ. ನಮ್ಮನೆಯವರು ಆ ನಾಲ್ಕು ದಿನ ಪ್ರತಿ ಸಲ ಕಾರ್ಡ್ ಉಜ್ಜಿದಾಗಲೂ ನನ್ನ ಕಡೆ ತಿರುಗಿ ಅದನ್ನೇ ಹೇಳುತ್ತಿದ್ದರು.

ಬೆಳಿಗ್ಗೆ ತಂಪಿನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ನಡೆದೇ ಹೋದೆವು. ಹತ್ತು ನಿಮಿಷದ ದಾರಿ. ಅಮ್ಮನಿಗೆ ಹದಿನೆಂಟು. ಅರ್ಧ ಗಂಟೆ ಮೊದಲು ಒಳಗೆ ಬಿಡುತ್ತಾರಲ್ಲ, ಅದಕ್ಕೆ ದೊಡ್ಡ ಬೆಲೆ ಇದೆ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಹಾಗನ್ನಿಸಲಿಲ್ಲ. ಎಲ್ಲ ಹೋಟೆಲುಗಳ ಜನವೂ ಅದೇ ಅರ್ಧ ಗಂಟೆಗೆ ಬಂದಿರುತ್ತಾರೆ. ಒಂದು ದೊಡ್ಡ ಆಟ ಮುಗಿಯಿತು, ಅಷ್ಟೇ. ಆದರೆ ಹನ್ನೆರಡೂವರೆಗೆ ಮೋನೊರೈಲು ಹತ್ತಿ, ಮುಂದಿನ ನಿಲ್ದಾಣದಲ್ಲೇ ಇಳಿದು, ಒಂದು ಗಂಟೆಗೆ ನಾವು ಕೋಣೆಯಲ್ಲಿದ್ದೆವು. ಅಮ್ಮ ಕೈಕಾಲು ತೊಳೆದು ಕುಕ್ಕರ್ ಇಟ್ಟಳು. ಅದು ಮೂರು ಸಲ ಕೂಗಿತು. ಹೊಗೆಯ ಅಲಾರಂ ಏನಾದರೂ ಹೊಡೆದುಕೊಂಡರೆ ಅಂತ ನಾನು ಕಿಟಕಿ ಹತ್ತಿರವೇ ನಿಂತಿದ್ದೆ. ಅನ್ನ, ತಿಳಿಸಾರು, ಮನೆಯಿಂದ ತಂದ ಮಿಡಿ ಉಪ್ಪಿನಕಾಯಿ. ಮೂರು ಗಂಟೆಗೆ ಆಚೆ ಗುಡುಗು ಶುರುವಾದಾಗ ಮನೆಯಲ್ಲಿ ಐದೂ ಜನ ನಿದ್ದೆ. "ನಿದ್ದೆ ಮಾಡೋ ವಯಸ್ಸಾ ನಂದು" ಅಂತ ಬೆಳಿಗ್ಗೆಯಿಂದ ಗೊಣಗುತ್ತಿದ್ದ ಹದಿಮೂರರ ಮಗಳೇ ಎಲ್ಲರಿಗಿಂತ ಕೊನೆಗೆ ಎದ್ದಳು.

ಐದೂವರೆಗೆ ಕಾಫಿ ಕುಡಿದು ಮತ್ತೆ ಹೊರಟೆವು. ಈ ಸಲ ಅಮ್ಮನಿಗೆ ನಡೆಯುವುದು ಬೇಡ ಅಂತ ಮೋನೊರೈಲು. ಅದು ಒಂದೇ ದಿಕ್ಕಿಗೆ ಓಡುತ್ತದೆ. ಬರುವಾಗ ಒಂದೇ ನಿಲ್ದಾಣವಾದರೆ ಹೋಗುವಾಗ ಕೆರೆಯನ್ನು ಪೂರ್ತಿ ಸುತ್ತಬೇಕು. ಅಮ್ಮನಿಗೆ ಅದೇ ಖುಷಿ. ತಂಪು ಗಾಳಿ, ಕೂರೋಕೆ ಜಾಗ, ಒಂದೊಂದೇ ಹೋಟೆಲಿನ ದರ್ಶನ. ಎರಡನೇ ದಿನ ಪಾರ್ಕು ಬೇಡ, ಇದರಲ್ಲೇ ಇನ್ನೊಂದು ಸುತ್ತು ಹೋಗೋಣ ಅಂದಳು. ಹೋದೆವು ಕೂಡ. ಇದಕ್ಕೆ ಟಿಕೆಟ್ ಇಲ್ಲ.

ಹಾಗಾದರೆ ಒಳಗೆ ಉಳಿಯುವುದು ದುಡ್ಡಿಗೆ ತಕ್ಕದ್ದಾ? ಎಲ್ಲ ಕಡೆಯೂ ಅಲ್ಲ. ಅದೇ ಆಲ್ ಸ್ಟಾರ್‌ನಲ್ಲಿ ಉಳಿದಿದ್ದರೆ ಬಸ್ಸಿಗೆ ಕಾದು, ಹತ್ತಿ, ಇಳಿದು, ಕೋಣೆ ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ. ವಾಪಸ್ಸಿಗೆ ಇನ್ನೊಂದು ಮುಕ್ಕಾಲು ಗಂಟೆ. ನಿದ್ದೆಯ ಹೊತ್ತು ಬಸ್ಸಿಗೇ ಹೋಯಿತು. ನಮ್ಮ ಹಾಗೆ ಕಾರಿನಲ್ಲಿ ಬರುವವರಿಗೆ ಹೊರಗಿನ ಹೋಟೆಲು, ಪಾರ್ಕಿನ ದಿನದ ಪಾರ್ಕಿಂಗ್ ಶುಲ್ಕ ಸೇರಿಸಿದರೂ ಅದಕ್ಕಿಂತ ಮೇಲು. ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ ಬೀದಿಯ ಹತ್ತಿರದ ಬೇರೆ ಕಂಪನಿಗಳ ಹೋಟೆಲುಗಳಲ್ಲಿ ಉಳಿದವರಿಗೂ ಬೆಳಗಿನ ಆ ಅರ್ಧ ಗಂಟೆ ಸಿಗುತ್ತದೆ. ಪಾಪ್ ಸೆಂಚುರಿ ಅನ್ನುವ ಡಿಸ್ನಿ ಹೋಟೆಲಿನಿಂದ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳಿಗೆ 2019ರಿಂದ ಸ್ಕೈಲೈನರ್ ಅನ್ನುವ, ತಂತಿಯ ಮೇಲೆ ಓಡುವ ತೂಗುತೊಟ್ಟಿಲು ಇದೆ. ಕಡಿಮೆ ದುಡ್ಡಿನಲ್ಲಿ ನನ್ನ ಆಯ್ಕೆ ಅದೇ. ಆದರೆ ಮಿಂಚು ಬಂದರೆ ಅದನ್ನು ನಿಲ್ಲಿಸುತ್ತಾರೆ, ಮಿಂಚು ಬರುವುದು ಸರಿಯಾಗಿ ನಿದ್ದೆಯ ಹೊತ್ತಿಗೆ. ಎಪ್ಕಾಟ್‌ನ ಹಿಂಬಾಗಿಲಿಗೆ ನಡೆದು ಹೋಗುವಷ್ಟು ಹತ್ತಿರ ಇರುವ ಬೀಚ್ ಕ್ಲಬ್, ಬೋರ್ಡ್‌ವಾಕ್ ಹೋಟೆಲುಗಳು ನನ್ನ ಪರೀಕ್ಷೆಯಲ್ಲಿ ಪಾಸು. ಬೆಲೆಯಲ್ಲಿ ಫೇಲು.

ಅನಿಮಲ್ ಕಿಂಗ್‌ಡಮ್ ಲಾಡ್ಜ್ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಲ್ಲದರಿಂದ ದೂರ. ಆದರೆ ಬಾಲ್ಕನಿ ಕೆಳಗೆ ಜಿರಾಫೆ ಮೇಯುತ್ತಿರುತ್ತದೆ. ಅಲ್ಲಿ ಉಳಿಯದೆಯೂ ಊಟಕ್ಕೆ ಹೋಗಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಸನಾ ಅನ್ನುವ ರೆಸ್ಟೊರೆಂಟಿನಲ್ಲಿ ನಾನ್ ಜೊತೆ ಒಂಬತ್ತು ಥರದ ಚಟ್ನಿ, ರಾಯತ ಇಟ್ಟುಕೊಡುತ್ತಾರೆ. ಕಿಟಕಿಯಾಚೆ ಜೀಬ್ರಾ. ಅಮ್ಮ ಒಂಬತ್ತನ್ನೂ ರುಚಿ ನೋಡಿ, "ಉಪ್ಪಿನಕಾಯಿ ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ.

ತಂಗಿಗೆ ಇದೆಲ್ಲ ಹೇಳಿದಾಗ ಅವಳು ಬಿಡದಿಯ ವಂಡರ್‌ಲಾ ಮಾತೆತ್ತಿದಳು. ಅಲ್ಲೂ 2012ರಿಂದ ರೆಸಾರ್ಟ್ ಇದೆ. ಬೆಂಗಳೂರಿನಿಂದ ಮೂವತ್ತು ಕಿಲೋಮೀಟರ್ ಕೂಡ ಇಲ್ಲದ ಜಾಗದಲ್ಲಿ ಯಾರು ಉಳಿಯುತ್ತಾರೆ ಅಂತ ನಾನು. "ನಾವು ಉಳಿದಿದ್ವಿ" ಅಂದಳು. "ನೀರಾಟ ಆಡಿ ಒದ್ದೆ ಬಟ್ಟೆಯಲ್ಲಿ, ಭಾನುವಾರ ಸಂಜೆ ಮೈಸೂರು ರೋಡಿನ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕೂತು ನೋಡು, ಆಮೇಲೆ ಮಾತಾಡು. ಬೆಳಿಗ್ಗೆ ಎದ್ದು ತಟ್ಟೆ ಇಡ್ಲಿ ತಿಂದು ಬಂದ್ವಿ." ಅವಳು ಕಿಲೋಮೀಟರ್ ಲೆಕ್ಕ ಹಾಕಿರಲಿಲ್ಲ, ಗಂಟೆ ಲೆಕ್ಕ ಹಾಕಿದ್ದಳು.

ಮಗಳಿಗೆ ಈಗ ಯೂನಿವರ್ಸಲ್ ಅನ್ನುವ ಇನ್ನೊಂದು ಕಂಪನಿಯವರು ಒರ್ಲ್ಯಾಂಡೊದಲ್ಲೇ 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿನದ್ದೇ ಧ್ಯಾನ. ಅಲ್ಲಿನ ಲೆಕ್ಕ ಬೇರೆ. ಯೂನಿವರ್ಸಲ್‌ನ ಮೂರು ದುಬಾರಿ ಹೋಟೆಲುಗಳಲ್ಲಿ ಕೋಣೆ ಹಿಡಿದರೆ ಹಳೆಯ ಎರಡು ಪಾರ್ಕುಗಳಲ್ಲಿ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಇಡೀ ಸಂಸಾರಕ್ಕೆ ಬಂತು. ಹಪ್ಪಳ, ಮಜ್ಜಿಗೆ ಸೇರಿದ ಫುಲ್ ಮೀಲ್ಸ್ ಇನ್ನೂ ಅಲ್ಲಿ ಉಳಿದಿದೆ. ಆದರೆ ಮಗಳಿಗೆ ಬೇಕಾದ ಹೊಸ ಪಾರ್ಕಿನಲ್ಲಿ ಆ ಪಾಸ್ ನಡೆಯುವುದಿಲ್ಲ. ನಮ್ಮನೆಯವರು ಎಕ್ಸೆಲ್‌ನಲ್ಲಿ ಹೊಸ ಹಾಳೆ ತೆರೆದಿದ್ದಾರೆ. "ಕೋಣೆಯಿಂದ ಗೇಟಿಗೆ ನಿಮಿಷ" ಅಂತ ಒಂದು ಕಾಲಮ್ ಈಗ ಬೆಲೆಗಿಂತ ಮೊದಲು ಬರುತ್ತದೆ.

ಅಮ್ಮ ಮೈಸೂರಿಗೆ ಹೋಗಿ ತಿಂಗಳುಗಳಾದವು. ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಪಕ್ಕದ ಮನೆಯವರು ಬಂದಿದ್ದರು. ಫೋನನ್ನು ಮೇಜಿನ ಮೇಲೆ ಒರಗಿಸಿ ಅವರ ಜೊತೆ ಮಾತಾಡುತ್ತಿದ್ದಳು. ಕೋಟೆಯ ಸುದ್ದಿಯಿಲ್ಲ, ಪಟಾಕಿಯ ಸುದ್ದಿಯಿಲ್ಲ. "ಹೋಟೆಲಿನ ಒಳಗೇ ರೈಲು ಹೋಗುತ್ತೆ ರೀ. ನಾನು ಸಾರನ್ನ ಊಟ ಮಾಡಿ, ಕಾಲು ಚಾಚಿ ಮಲಗಿದೆ. ಆಚೆ ಜೋರು ಮಳೆ." ಅವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಅಮ್ಮ ದನಿ ತಗ್ಗಿಸಿ ಹೇಳಿದಳು.

"ಐವತ್ತೈದು ಸಾವಿರ ರೀ. ಒಂದು ರಾತ್ರಿಗೆ."

ನಾವು ಕೊಟ್ಟದ್ದು ಅಷ್ಟಲ್ಲ ಅಂತ ನಾನು ತಿದ್ದೋಕೆ ಹೋಗಲಿಲ್ಲ.